ಬೋಯಿಕೇರಿ ಏರಿನಲ್ಲಿ ಹಾಫ್ ಕ್ಲಚ್

48ನೇ ವಯಸ್ಸಿಗೆ ಕಾರು ಕಲಿಯುತ್ತಿದ್ದೇನೆ. ಅದೂ ಕೊಡಗಿನಲ್ಲಿ, ಅದೂ ಮಳೆಗಾಲದಲ್ಲಿ. ಮೊನ್ನೆ ಬೋಯಿಕೇರಿ ಹತ್ತಿರ ಏರಿನಲ್ಲಿ ಮೂರು ಸಲ ಗಾಡಿ ಆಫ್ ಆಯಿತು. ಹಿಂದೆ ಬಸ್ಸು, ಅದರ ಹಿಂದೆ ಟೂರಿಸ್ಟ್ ಗಾಡಿಗಳ ಸಾಲು. "ಹಾಫ್ ಕ್ಲಚ್ ಆಂಟಿ, ಹಾಫ್ ಕ್ಲಚ್" ಅಂತ ಕಲಿಸುವ ಹುಡುಗ ಹೇಳುತ್ತಲೇ ಇದ್ದ. ಕ್ಲಚ್ ಪೆಡಲನ್ನು ಅರ್ಧ ಮಾತ್ರ ಬಿಡಬೇಕಂತೆ. ಹಾಫ್ ಅಂದರೆ ಎಲ್ಲಿಯವರೆಗೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಅವನ ಕಾಲಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.

ಮನೆಗೆ ಬಂದಾಗ ಮೈಯೆಲ್ಲ ಸುಸ್ತು. "ಕೂತು ಬಂದವಳಿಗೆ ಏನು ಸುಸ್ತು?" ಅಂದರು ಯಜಮಾನರು. ಆ ಕೋಪಕ್ಕೇ, ಹೊಸದು ಕಲಿಯುವಾಗ ಮೆದುಳು ಎಷ್ಟು ದುಡಿಯುತ್ತದೆ ಅಂತ ಒಂದಷ್ಟು ಓದಿದೆ.

ಮೆದುಳು ಮೈತೂಕದಲ್ಲಿ ಶೇಕಡಾ 2ರಷ್ಟು ಅಷ್ಟೆ. ಆದರೆ ನಾವು ಸುಮ್ನೆ ಕೂತಾಗಲೂ ಮೈಯ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಯಾವ ಭಾಗಕ್ಕೆ ಕೆಲಸ ಬೀಳುತ್ತದೋ ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಜಾಸ್ತಿ ಹರಿಯುತ್ತದೆ. ಅದೂ ಖರ್ಚಾಗುವ ಆಮ್ಲಜನಕದ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ. ಮದುವೆ ಮನೆ ಅಡುಗೆಯ ಹಾಗೆ, ಮಿಗಲೇಬೇಕು. ರಕ್ತದಲ್ಲಿ ಹೀಗೆ ಮಿಕ್ಕ ಆಮ್ಲಜನಕದ ಗುರುತು ಹಿಡಿದೇ ಎಂಆರ್‌ಐ ಯಂತ್ರ ಮೆದುಳಿನ ಕೆಲಸ ತೋರಿಸುತ್ತದೆ. 1990ರಲ್ಲಿ ಜಪಾನಿನ ವಿಜ್ಞಾನಿ ಸೇಜಿ ಒಗಾವ ಹುಡುಕಿದ ದಾರಿ ಅದು.

ಹೊಸದಾಗಿ ಕಲಿಯುವಾಗ ಹಣೆಯ ಹಿಂದಿನ ಭಾಗ, ಕಿರುಮೆದುಳು, ಎಲ್ಲವೂ ಓಡಿ ಬರುತ್ತವೆ. ಅಭ್ಯಾಸವಾದ ಮೇಲೆ ಗಲಾಟೆ ಕಡಿಮೆ. 1992ರಲ್ಲಿ ಮೆದುಳಿನ ಸಂಶೋಧಕ ರಿಚರ್ಡ್ ಹೈಯರ್ ತಂಡ ಕೆಲವರಿಗೆ ವಾರಗಟ್ಟಲೆ ಟೆಟ್ರಿಸ್ (ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೊ ಗೇಮ್) ಆಡಿಸಿತು. ಸ್ಕೋರು ಏರಿತು, ಮೆದುಳು ಬಳಸಿದ ಗ್ಲೂಕೋಸ್ ಇಳಿಯಿತು.

ಹಾಗಂತ ಡ್ರೈವಿಂಗ್ ಮುಗಿಸಿ ಬಂದು ಎರಡು ಕಡಂಬುಟ್ಟು ಜಾಸ್ತಿ ತಿನ್ನಬೇಡಿ. (ನಾನು ತಿಂದೆ.) ಎಷ್ಟು ತಲೆ ಕೆಡಿಸಿಕೊಂಡರೂ ಇಡೀ ಮೆದುಳಿನ ಖರ್ಚು ಏರುವುದು ಸ್ವಲ್ಪವೇ. ನನ್ನ ಸುಸ್ತು ಹೆದರಿಕೆಯದ್ದು, ಬಿಗಿ ಹಿಡಿದ ಭುಜದ್ದು ಇರಬೇಕು. ಯಜಮಾನರು ಅರ್ಧ ಸರಿ. ಅವರಿಗೆ ಹೇಳಿಲ್ಲ.

ನನಗೆ ತುಂಬಾ ಹಿಡಿಸಿದ್ದು 2013ರಲ್ಲಿ ಮೆದುಳಿನ ವಿಜ್ಞಾನಿ ಪೀಟರ್ ಸ್ಟ್ರಿಕ್ ಮತ್ತು ಜೊತೆಗಾರರು ಪ್ರಕಟಿಸಿದ ಕೆಲಸ. ಕೋತಿಗಳಿಗೆ ವರ್ಷಗಟ್ಟಲೆ ಕೈ ಆಡಿಸುವ ಒಂದು ವರಸೆ ಕಲಿಸಿದ್ದರು. ಗುರುತು ನೋಡಿಕೊಂಡು ಕೈ ಚಾಚುವಾಗಿನದಕ್ಕಿಂತ, ಬಾಯಿಪಾಠವಾದ ವರಸೆ ಮಾಡುವಾಗ ಕೈ ನಡೆಸುವ ಭಾಗದ ಗ್ಲೂಕೋಸ್ ಬಳಕೆ ಕಡಿಮೆ ಇತ್ತು. ನರಕೋಶಗಳ ದುಡಿಮೆ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಓದಿದಾಗ ನೆನಪಾದದ್ದು ನಮ್ಮ ತೋಟದಲ್ಲಿ ಕರಿಮೆಣಸು ಕುಯ್ಯುವವರು. ಸಿಲ್ವರ್ ಓಕ್‌ಗೆ ಒರಗಿಸಿದ ಬಿದಿರಿನ ಏಣಿ ಮೇಲೆ ನಿಂತು ಮಾತಾಡುತ್ತಾ, ನಗುತ್ತಾ ಕುಯ್ಯುತ್ತಾರೆ. ನೋಡಿದರೆ ಸಲೀಸು. ಅದಕ್ಕೇ ನಾವು ಅದನ್ನು "ಯಾರು ಬೇಕಾದರೂ ಮಾಡುವ ಕೆಲಸ" ಅಂತ ಕೂಲಿ ಲೆಕ್ಕ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಅಷ್ಟು ಸಲೀಸಾಗಲು ಎಷ್ಟು ವರ್ಷ ಹಿಡಿಯಿತು ಅಂತ ಯಾರೂ ಕೇಳುವುದಿಲ್ಲ.

ಹೋದ ವರ್ಷ ನಾನೂ ಒಮ್ಮೆ ಆ ಏಣಿ ಹತ್ತಿದ್ದೆ. ನಾಲ್ಕನೇ ಮೆಟ್ಟಿಲಿಗೇ ಕಾಲು ನಡುಗಿತು. ಕೆಳಗಿದ್ದ ಅಕ್ಕ "ಎಡಗೈ ಬಿಡಿ ಅಮ್ಮ, ಏನಾಗಲ್ಲ" ಅಂದರು. ಕೈ ಬಿಟ್ಟರೆ ಹೇಗೆ ನಿಲ್ಲುವುದು ಅಂತ ಕೇಳಿದೆ. ಅವರಿಗೂ ಹೇಳಲು ಬರಲಿಲ್ಲ.