ಕ್ಯಾಡ್ಮಿಯಂ ಅಂದ್ರೆ ಹಳದಿ, ಬರ್ಕೊಳ್ಳಿ

ಹೋದ ಭಾನುವಾರ ಇಲ್ಲೇ ದಾವಣಗೆರೆಯಲ್ಲಿ ಅಕ್ಕನ ಮನೇಲಿ ಸಣ್ಣದೊಂದು ಪಂಚಾಯ್ತಿ ನಡೀತು. ಅಕ್ಕನ ಮಗಳು ಎಂಎಸ್ಸಿ ಮುಗಿಸ್ತಿದಾಳೆ, ಫಿಸಿಕಲ್ ಕೆಮಿಸ್ಟ್ರಿ. ಮುಂದೆ ಪಿಎಚ್‌ಡಿ ಮಾಡ್ತೀನಿ ಅಂತ ಪಟ್ಟು. ವಿಷಯ ಏನಪ್ಪಾ ಅಂದ್ರೆ ಚಿನ್ನದ ನ್ಯಾನೋ ಕಣಗಳು ಬೆಳಕಿನ ಜೊತೆ ಹೇಗೆ ನಡ್ಕೊಳ್ತವೆ ಅನ್ನೋದು. "ಚಿನ್ನ ಅಂದ್ರೆ ಅಡ್ಡಿಯಿಲ್ಲ, ಎಷ್ಟು ತೊಲ?" ಅಂದ್ರು ಭಾವ. ಮಂಡಕ್ಕಿ ಮಿರ್ಚಿ ತಿಂತಾ ಎಲ್ರೂ ನಕ್ವಿ. ಆಮೇಲೆ ಅಸಲು ಮಾತು ಬಂತು: "ಐದು ವರ್ಷ ನೀರಿನ ಬಣ್ಣ ನೋಡ್ಕೊಂಡು ಕೂತ್ರೆ ಕೆಲ್ಸ ಯಾವಾಗ, ಮದ್ವೆ ಯಾವಾಗ? ನೀನು ಮೇಷ್ಟ್ರು, ನೀನಾದ್ರೂ ಹೇಳೋ ಮಾರಾಯ."

ನಾನು ಏನೂ ಹೇಳಲಿಲ್ಲ. ಬಾಯಲ್ಲಿ ಮಿರ್ಚಿ ಇತ್ತು ಅನ್ನೋದು ಒಂದು ನೆಪ. ಹೇಳಬೇಕಿದ್ದದ್ದನ್ನ ಇಲ್ಲಿ ಬರೀತಿದೀನಿ, ಭಾವನೂ ಓದ್ತಾರೆ.

ಮೊದಲು ನನ್ನ ಕಥೆ. ತೊಂಬತ್ತರ ದಶಕ, ಬಿಎಸ್ಸಿ ಪ್ರಾಕ್ಟಿಕಲ್ಸ್, ಸಾಲ್ಟ್ ಅನಾಲಿಸಿಸ್, ಅಂದ್ರೆ ಕೊಟ್ಟ ಲವಣದಲ್ಲಿ ಯಾವ ಲೋಹ ಇದೆ ಅಂತ ಪತ್ತೆ ಹಚ್ಚೋದು. ಲ್ಯಾಬಿನ ಹಿಂದಿನ ವರಾಂಡದಲ್ಲಿ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಮಾಡೋ ಕಿಪ್ಸ್ ಅಪಾರೇಟಸ್ಸು, ಅದರಿಂದ ಬರೋ ಕೊಳೆತ ಮೊಟ್ಟೆ ವಾಸನೆ. ಆ ದಿನಗಳಲ್ಲಿ ಸಿಟಿ ಬಸ್ಸಲ್ಲಿ ನಮ್ಮ ಪಕ್ಕದ ಸೀಟು ಯಾವಾಗ್ಲೂ ಖಾಲಿ! ದ್ರಾವಣಕ್ಕೆ ಆ ಗ್ಯಾಸ್ ಬಿಟ್ರೆ ಕ್ಯಾಡ್ಮಿಯಂ ಅನ್ನೋ ಲೋಹ ಇದ್ದಲ್ಲಿ ಹಳದಿ ಪುಡಿ ಬೀಳುತ್ತೆ, ಅದೇ ಕ್ಯಾಡ್ಮಿಯಂ ಸಲ್ಫೈಡ್. ಆಸಿಡ್ ಜಾಸ್ತಿಯಾಗಿದ್ರೆ ಬೀಳೋದೇ ಇಲ್ಲ, ನೀರು ಬೆರೆಸಿ ತೆಳು ಮಾಡ್ಬೇಕು. ನನಗೆ ಆವತ್ತು ಬಿದ್ದದ್ದು ಹಳದಿಯೂ ಅಲ್ಲ, ಪೂರ್ತಿ ಕಿತ್ತಳೆಯೂ ಅಲ್ಲ. ಕಂಡದ್ದನ್ನ ಕಂಡ ಹಾಗೆ "ಕಿತ್ತಳೆ ಮಿಶ್ರಿತ ಹಳದಿ" ಅಂತ ಬರೆದೆ. ನಮ್ಮ ಸರ್ ಕೆಂಪು ಪೆನ್ನಲ್ಲಿ ಗೀಟೆಳೆದ್ರು. "ಕ್ಯಾಡ್ಮಿಯಂ ಅಂದ್ರೆ ಹಳದಿ. ಕಿತ್ತಳೆ ಅಂದ್ರೆ ಆಂಟಿಮನಿ. ಯಾವುದೋ ಒಂದು ಬರಿ." ಹಳದಿ ಅಂತ ಬರೆದೆ, ಪೂರ್ತಿ ಮಾರ್ಕ್ಸು ಬಂತು. ಟೆಸ್ಟ್ ಟ್ಯೂಬ್ ತೊಳೆದು ಸ್ಟ್ಯಾಂಡಿಗೆ ಬೋರಲು ಹಾಕಿ ಮನೆಗೆ ಬಂದೆ.

ಅದೇ ಕ್ಯಾಡ್ಮಿಯಂ ಸಲ್ಫೈಡ್ ಇಟ್ಕೊಂಡು, ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲೇ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಲೂಯಿಸ್ ಬ್ರೂಸ್ ಅನ್ನೋ ಫಿಸಿಕಲ್ ಕೆಮಿಸ್ಟ್ ತಲೆ ಕೆಡಿಸ್ಕೊಂಡು ಕೂತಿದ್ದ. ಅವನು ನ್ಯಾನೋ ಹುಡುಕ್ತಿರಲಿಲ್ಲ. ಬಿಸಿಲಿನಿಂದ ರಾಸಾಯನಿಕ ಕ್ರಿಯೆ ನಡೆಸೋಕಾಗುತ್ತಾ ಅಂತ ನೋಡ್ತಿದ್ದ. ಮೇಲ್ಮೈ ಹೆಚ್ಚು ಸಿಗಲಿ ಅಂತ ಕಣಗಳನ್ನ ಆದಷ್ಟೂ ಸಣ್ಣ ಮಾಡ್ಕೊಂಡಿದ್ದ. ಒಂದು ದಿನ ಮೇಜಿನ ಮೇಲೇ ಬಿಟ್ಟಿದ್ದ ದ್ರಾವಣವನ್ನ ಆಮೇಲೆ ಅಳೆದು ನೋಡ್ತಾನೆ, ಬೆಳಕು ಹೀರೋ ರೀತಿಯೇ ಬದಲಾಗಿತ್ತು. ಹೊಸದಾಗಿ ಮಾಡಿದಾಗ ಸುಮಾರು 4.5 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಇದ್ದ ಕಣಗಳು ಇಟ್ಟಲ್ಲೇ ಬೆಳೆದು 12.5 ಆಗಿದ್ವು. ದೊಡ್ಡವು ಮಾಮೂಲಿ ಕ್ಯಾಡ್ಮಿಯಂ ಸಲ್ಫೈಡ್ ಹಾಗೇ ಬೆಳಕು ಹೀರಿದ್ರೆ, ಸಣ್ಣವು ಹೀರಿದ್ದು ನೀಲಿಯ ಕಡೆಗೆ ಸರಿದಿತ್ತು. ವಸ್ತು ಅದೇ, ಗಾತ್ರ ಮಾತ್ರ ಬೇರೆ. ಇಂಥ ಸಣ್ಣ ಕಣಗಳಿಗೇ ಈಗ ಕ್ವಾಂಟಂ ಡಾಟ್ ಅಂತಾರೆ. ಇದನ್ನ 1983ರಲ್ಲಿ ಪ್ರಕಟಿಸಿದ. ನೊಬೆಲ್ ಬಂದದ್ದು 2023ರಲ್ಲಿ. ನಲವತ್ತು ವರ್ಷ, ಭಾವ!

ಯಾಕೆ ಹಾಗಾಗುತ್ತೆ ಅಂತ ಮಕ್ಕಳು ಕೇಳಿದ್ರೆ ನಾನು ನಾಗರಪಂಚಮಿ ಜೋಕಾಲಿ ಹೇಳ್ತೀನಿ. ಹಗ್ಗ ಗಿಡ್ಡ ಮಾಡಿದಷ್ಟೂ ಜೀಕು ಬಿರುಸು. ಕಣ ಸಣ್ಣದಾದಷ್ಟೂ ಒಳಗಿನ ಎಲೆಕ್ಟ್ರಾನಿಗೆ ಓಡಾಡೋಕೆ ಜಾಗ ಕಮ್ಮಿ, ಅದನ್ನ ಮೇಲಿನ ಮೆಟ್ಟಿಲಿಗೆ ಏರಿಸೋಕೆ ಹೆಚ್ಚು ಶಕ್ತಿಯ ಬೆಳಕು ಬೇಕು. ಹೋಲಿಕೆ ಪೂರ್ತಿ ಸರಿ ಇಲ್ಲ, ಫಿಸಿಕ್ಸ್ ಮೇಷ್ಟ್ರುಗಳು ಕಾಮೆಂಟಲ್ಲಿ ಬೈಬಹುದು.

ಈ ಬ್ರೂಸ್ ಬೆಲ್ ಲ್ಯಾಬ್ಸ್ ಸೇರಿದ್ದು 1973ರಲ್ಲಿ. ಅದಕ್ಕೆ ಮುಂಚೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ. ಬೆಲ್ ಲ್ಯಾಬ್ಸ್ ಅಂದ್ರೆ ಫೋನ್ ಕಂಪನಿಯದ್ದು, ಯೂನಿವರ್ಸಿಟಿ ಅಲ್ಲ. ಫೋನ್ ಕಂಪನಿಗೆ ಹಳದಿ ನೀರಿಂದ ಏನಾಗಬೇಕಿತ್ತು? ಆದ್ರೂ ಅವನನ್ನ ಅವನ ಪಾಡಿಗೆ ಬಿಟ್ಟರು. ಅಲ್ಲೇ ಅವನ ಕೈಕೆಳಗೆ ಪಳಗಿದ ಮೌಂಗಿ ಬಾವೆಂಡಿ 1993ರಲ್ಲಿ ಎಂಐಟಿಯಲ್ಲಿ ಈ ಕಣಗಳನ್ನ ಒಂದೇ ಅಳತೆಯಲ್ಲಿ ಮಾಡೋ ವಿಧಾನ ಕಂಡುಹಿಡಿದ, ಅವನೂ ನೊಬೆಲ್ ಹಂಚಿಕೊಂಡ. (ಹಾರ್ವರ್ಡ್‌ನಲ್ಲಿ ತನ್ನ ಮೊದಲ ಕೆಮಿಸ್ಟ್ರಿ ಪರೀಕ್ಷೆಯಲ್ಲಿ 100ಕ್ಕೆ 20 ಬಂದಿತ್ತಂತ ಬಾವೆಂಡಿಯೇ ಹೇಳ್ಕೊಂಡಿದಾನೆ. ರಿಸಲ್ಟ್ ದಿನ ನನಗೆ ಫೋನ್ ಮಾಡಿ ಅಳೋ ಪೋಷಕರಿಗೆ ಇದನ್ನ ಮೀಸಲಿಟ್ಟಿದೀನಿ.) ಮೂರನೆಯವನು ಅಲೆಕ್ಸಿ ಎಕಿಮೊವ್. ಸೋವಿಯತ್ ರಷ್ಯಾದಲ್ಲಿ ಬಣ್ಣದ ಗಾಜಿನೊಳಗಿನ ಕಾಪರ್ ಕ್ಲೋರೈಡಲ್ಲಿ ಇದೇ ವಿಚಾರವನ್ನ ಬ್ರೂಸ್‌ಗಿಂತ ಮೊದಲೇ ಕಂಡು 1981ರಲ್ಲಿ ಬರೆದಿದ್ದ. ಒಬ್ಬರಿಗೊಬ್ಬರ ಸುದ್ದಿ ಗೊತ್ತಿರಲಿಲ್ಲ.

1996ರಲ್ಲಿ ಬ್ರೂಸ್ ಕೊಲಂಬಿಯಾ ಯೂನಿವರ್ಸಿಟಿಗೆ ಹೋದ. ಅಲ್ಲಿ ಬೆಳ್ಳಿಯ ನ್ಯಾನೋ ಕಣದ ಮೇಲೆ ಕೂತ ಒಂದೇ ಒಂದು ಅಣುವಿನ ರಾಮನ್ ಬೆಳಕನ್ನ, ಅಂದ್ರೆ ಅಣುವಿಗೆ ತಾಗಿ ಬಣ್ಣ ಚೂರು ಬದಲಾಗಿ ಚದುರೋ ಬೆಳಕನ್ನ, ಹಿಡಿಯೋ ಕೆಲಸಕ್ಕೂ ಕೈ ಹಾಕಿದ. ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಂಡ ಅದೇ ಬೆಳಕು. ಪ್ರತಿ ಫೆಬ್ರವರಿ 28ಕ್ಕೆ ಭಾಷಣ ಬಿಗಿಯೋ ನಾವು ಇಷ್ಟನ್ನಾದ್ರೂ ಮಕ್ಕಳಿಗೆ ಹೇಳಬಹುದು. ಫೋಟೋಕ್ಕೆ ಹಾರ ಹಾಕೋದರಲ್ಲೇ ಪೀರಿಯಡ್ ಮುಗಿದಿರುತ್ತೆ.

ಅಂದಹಾಗೆ ಭಾವ, ಆವತ್ತು ನೀವು "ಇದರಿಂದ ಏನುಪಯೋಗ" ಅಂದಾಗ ನಿಮ್ಮ ಬೆನ್ನ ಹಿಂದೆ ಗೋಡೆ ಮೇಲೆ ಕ್ರಿಕೆಟ್ ಓಡ್ತಿತ್ತಲ್ಲ, ದೀಪಾವಳಿಗೆ ಪಿ.ಬಿ. ರೋಡಲ್ಲಿ ತಂದ ಕ್ಯೂಎಲ್‌ಇಡಿ ಟಿವಿ, ಅದರಲ್ಲಿ ಕ್ಯೂ ಅಂದ್ರೆ ಈ ಕ್ವಾಂಟಂ ಡಾಟೇ. ಹಿಂದಿನ ನೀಲಿ ಬೆಳಕನ್ನ ಅಚ್ಚ ಕೆಂಪು, ಅಚ್ಚ ಹಸಿರು ಮಾಡೋದು ಆ ಕಣಗಳು.

ಹಂಗಂತ ನ್ಯಾನೋ ಅಂದಿದ್ದಕ್ಕೆಲ್ಲ ಕೈ ಮುಗಿಯೋನಲ್ಲ ನಾನು. ಬೇವಿನೆಲೆ ರಸಕ್ಕೆ ಸಿಲ್ವರ್ ನೈಟ್ರೇಟ್ ಹಾಕು, ಕಂದು ಬಣ್ಣ ಬಂತಾ, ಬೆಳ್ಳಿಯ ನ್ಯಾನೋ ಕಣ ಆಯ್ತು ಅನ್ನು, ಬೆಳಕು ಹೀರೋದರ ಗ್ರಾಫ್ ತೆಗಿ, ಪೇಪರ್ ಬರಿ. ಮುಂದಿನ ವರ್ಷ ತುಳಸಿ, ಅದರ ಮುಂದಿನ ವರ್ಷ ನುಗ್ಗೆ. ಎಲೆ ಬದಲಾದ್ರೂ ಗ್ರಾಫಿನ ಗುಡ್ಡ ಅಲ್ಲೇ, 400 ನ್ಯಾನೋಮೀಟರಿನ ಆಚೆ ಈಚೆ (ಇದು ಕಣದ ಗಾತ್ರ ಅಲ್ಲ, ಬೆಳಕಿನ ಅಲೆಯ ಉದ್ದ). ಯಾಕೆ ಅಲ್ಲೇ, ಯಾಕೆ ಒಂದರದ್ದು ಅಗಲ ಇನ್ನೊಂದರದ್ದು ಚೂಪು ಅಂತ ವೈವಾದಲ್ಲಿ ಕೇಳಿದ್ರೆ ಗೈಡ್ ಮುಖ ನೋಡ್ತಾರೆ. ಹುಡುಗರನ್ನ ಬೈದು ಪ್ರಯೋಜನ ಇಲ್ಲ. "ಯಾವುದೋ ಒಂದು ಬರಿ" ಅಂತ ಅವರಿಗೆ ಕಲಿಸಿದ್ದು ನಾವು. ಇಪ್ಪತ್ತು ವರ್ಷದ ಸರ್ವೀಸಲ್ಲಿ ಎಷ್ಟು ರೆಕಾರ್ಡ್ ಬುಕ್ಕಲ್ಲಿ ನಾನೇ ಆ ಕೆಂಪು ಗೀಟು ಎಳೆದಿದೀನೋ.

ಹುಡುಗಿ ಹಾಗಿಲ್ಲ ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು. ಅವಳ ಲ್ಯಾಬಿಗೆ ಹೋಗಿದ್ದೆ. ಫ್ಲಾಸ್ಕನ್ನ ಮೊದಲು ಆಕ್ವಾ ರೀಜಿಯಾದಲ್ಲಿ, ಅಂದ್ರೆ ಚಿನ್ನವನ್ನೂ ಕರಗಿಸೋ ಆಸಿಡ್ ಮಿಶ್ರಣದಲ್ಲಿ, ತೊಳೀತಾಳೆ. ಹಳೇ ಚಿನ್ನ ಚೂರು ಅಂಟಿದ್ರೂ ಕೆಲಸ ಕೆಟ್ಟಂತೆ. ಕುದಿಯೋ ಚಿನ್ನದ ದ್ರಾವಣಕ್ಕೆ ಸಿಟ್ರೇಟ್ ಹಾಕಿದ್ಲು. 1951ರಲ್ಲಿ ಟರ್ಕೆವಿಚ್ ಅನ್ನೋ ಕೆಮಿಸ್ಟ್ ತೋರಿಸಿಕೊಟ್ಟ ವಿಧಾನ. ತಿಳಿ ಹಳದಿ ಹೋಗಿ ನೀರಿನ ಹಾಗಾಯ್ತು, ಆಮೇಲೆ ಮಸಿ ಕಲಸಿದ ಹಾಗೆ, ನೇರಳೆ, ಕೊನೆಗೆ ದಾಳಿಂಬೆ ರಸದ ಕೆಂಪು. ಇಲ್ಲಿ ಕತೆ ಬೇರೆ, ಕ್ವಾಂಟಂ ಡಾಟ್ ಅಲ್ಲ. ಚಿನ್ನದ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡಿ 520 ನ್ಯಾನೋಮೀಟರಿನ ಹತ್ತಿರದ ಹಸಿರು ಬೆಳಕು ನುಂಗ್ತವೆ, ನಮ್ಮ ಕಣ್ಣಿಗೆ ಕೆಂಪು ಉಳಿಯುತ್ತೆ. "ಮಾವ, ಈಗ ನೋಡ್ರಿ" ಅಂತ ಒಂದು ಟ್ಯೂಬಿಗೆ ನಾಲ್ಕು ಹನಿ ಉಪ್ಪುನೀರು ಬಿಟ್ಲು. ನೋಡ್ತಾ ನೋಡ್ತಾ ನೀಲಿ! ಕಣಗಳನ್ನ ದೂರ ಇಟ್ಟಿದ್ದ ವಿದ್ಯುದಂಶಕ್ಕೆ ಉಪ್ಪು ಮುಸುಕು ಹಾಕುತ್ತೆ, ಅವು ಒಂದಕ್ಕೊಂದು ಅಂಟಿಕೊಳ್ತವೆ. ನಾನು ಚಪ್ಪಾಳೆ ತಟ್ಟೋದರಲ್ಲಿದ್ದೆ. ಅವಳು ತಟ್ಟಲಿಲ್ಲ. "ಮೊನ್ನೆ ಇಷ್ಟು ಬೇಗ ಆಗಿರ್ಲಿಲ್ಲ" ಅಂತ ಗಡಿಯಾರ ನೋಡಿ ಬರ್ಕೊಂಡ್ಲು.

ಬರುವಾಗ ಕೆಂಪು ದ್ರಾವಣದ ಸಣ್ಣ ಬಾಟ್ಲಿ ಕೊಟ್ಲು. ಫ್ಯಾರಡೆ ಲಂಡನ್ನಿನಲ್ಲಿ 1850ರ ದಶಕದಲ್ಲಿ ಮಾಡಿದ ಇಂಥವೇ ಬಾಟ್ಲಿಗಳು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇವತ್ತಿಗೂ ಇವೆ. ನಮ್ಮದು ಸ್ಟಾಫ್ ರೂಮಿನ ಬೀರುವಿನಲ್ಲಿದೆ, ಮೇಲೆ ತಾರೀಕು ಬರೆದು ಅಂಟಿಸಿದೀನಿ. ಸೆಕೆಂಡ್ ಪಿಯು ಹುಡುಗ್ರು "ರೂಹ್ ಅಫ್ಜಾ ಏನ್ರೀ ಸಾರ್?" ಅಂತಾರೆ. ನಿನ್ನೆ ಬೆಳಕಿಗೆ ಹಿಡಿದು ನೋಡಿದೆ, ತಳದಲ್ಲಿ ಚೂರು ನೇರಳೆ ತಿರುಗಿದ ಹಾಗಿದೆ. ಅವಳಿಗೆ ಫೋಟೋ ಕಳಿಸಿದೀನಿ.