ಫ್ರೀಮನ್ ಅವರಿಗೆ ಕೊಡದೆ ಹೋದ ಆರನೆಯ ವರ್ಷ

2022ರ ಜೂನ್ 24, ಶುಕ್ರವಾರ ಸಂಜೆ. ಅಟ್ಲಾಂಟಾ ಬ್ರೇವ್ಸ್ ಬೇಸ್‌ಬಾಲ್ ತಂಡದ ತವರು ಮೈದಾನವಾದ ಟ್ರೂಯಿಸ್ಟ್ ಪಾರ್ಕ್‌ನಲ್ಲಿ ಕೂರಲು ಜಾಗವಿದ್ದರೂ ಯಾರೂ ಕೂತಿರಲಿಲ್ಲ. ಹಿಂದಿನ ವರ್ಷ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡದ ಉಂಗುರವನ್ನು ಪಡೆಯಲು ಫ್ರೆಡ್ಡಿ ಫ್ರೀಮನ್ ಮೈದಾನದೊಳಗೆ ಬಂದರು. ಹನ್ನೆರಡು ಋತುಗಳ ಕಾಲ ಬ್ರೇವ್ಸ್ ಪರ ಆಡಿದ ಅವರು ಆ ದಿನ ಬಂದದ್ದು ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಆಟಗಾರರಾಗಿ. ಬ್ರೇವ್ಸ್‌ನ ಆಗಿನ ಮ್ಯಾನೇಜರ್ ಬ್ರಯನ್ ಸ್ನಿಟ್ಕರ್ ಉಂಗುರ ಕೊಟ್ಟು ತಬ್ಬಿಕೊಂಡಾಗ ಫ್ರೀಮನ್ ಅಳುತ್ತಿದ್ದರು. ನನ್ನ ಮಗಳು ಹಳೆಯ 5ನೇ ನಂಬರಿನ ಬ್ರೇವ್ಸ್ ಜರ್ಸಿಯನ್ನೇ ತೊಟ್ಟು ಬಂದಿದ್ದಳು. ಅವಳು ನನ್ನ ಕೈ ಎಳೆದು, "ಅಪ್ಪಾ, ಈಗ ಅವರು ನಮ್ಮವರಾ, ಅವರವರಾ?" ಎಂದು ಕೇಳಿದಳು. ಆ ಪ್ರಶ್ನೆಗೆ ಅಂದು ಉತ್ತರ ಕೊಡಲು ನನಗೆ ಆಗಲಿಲ್ಲ. ಈ ತಂಡದ ಸಂಬಳದ ಲೆಕ್ಕಾಚಾರವನ್ನು ನಾನು ಗಂಭೀರವಾಗಿ ಗಮನಿಸಲು ಶುರುಮಾಡಿದ್ದು ಆ ಸಂಜೆಯಿಂದಲೇ.

ಬೇಸ್‌ಬಾಲ್ ಪರಿಚಯವಿಲ್ಲದ ಗೆಳೆಯರಿಗಾಗಿ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಥೈಲಿ ಇರುತ್ತದೆ. 2025ರ ಹರಾಜಿಗೆ ಅದು 120 ಕೋಟಿ ರೂಪಾಯಿ ಇತ್ತು, ಅದರಲ್ಲಿ 21 ಕೋಟಿಯನ್ನು ಆರ್‌ಸಿಬಿ ವಿರಾಟ್ ಕೊಹ್ಲಿ ಅವರನ್ನು ಉಳಿಸಿಕೊಳ್ಳಲು ಬಳಸಿತು. ಹರಾಜಿಗೆ ಹೋದ ಆಟಗಾರನಿಗೆ ಯಾವ ತಂಡ ಸೇರಬೇಕೆಂಬ ಆಯ್ಕೆ ಇರುವುದಿಲ್ಲ. ಬೇಸ್‌ಬಾಲ್‌ನಲ್ಲಿ ಎರಡೂ ತಿರುವುಮುರುವು. ಖರ್ಚಿಗೆ ಕಟ್ಟುನಿಟ್ಟಾದ ಮಿತಿ ಇಲ್ಲ, ಗೊತ್ತಾದ ಮೊತ್ತ ದಾಟಿದ ತಂಡ ತೆರಿಗೆ ಕಟ್ಟುತ್ತದೆ, ಅಷ್ಟೇ. ಆದರೆ ಆಟಗಾರನ ಮೊದಲ ಆರು ಪೂರ್ಣ ವರ್ಷಗಳು ತಂಡದ ಹಿಡಿತದಲ್ಲಿರುತ್ತವೆ. ಅದರಲ್ಲಿ ಸುಮಾರು ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಕಳೆಯುತ್ತದೆ, 2022ರಲ್ಲಿ ಆ ಕನಿಷ್ಠ 7 ಲಕ್ಷ ಡಾಲರ್ ಇತ್ತು. ಅನಂತರದ ವರ್ಷಗಳಲ್ಲಿ ಮಾತುಕತೆ ಕುದುರದಿದ್ದರೆ ಮಧ್ಯಸ್ಥಗಾರರ ಮುಂದೆ ವಾದ ನಡೆಯುತ್ತದೆ, ತಂಡ ಹೇಳಿದ ಅಂಕಿ ಅಥವಾ ಆಟಗಾರ ಹೇಳಿದ ಅಂಕಿ, ಎರಡರಲ್ಲಿ ಒಂದನ್ನು ಅವರು ಒಪ್ಪುತ್ತಾರೆ. ಆರು ವರ್ಷ ಮುಗಿದ ಮೇಲೆ ಮಾತ್ರ ಆತ ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡದೊಂದಿಗೆ ತಾನೇ ಬೆಲೆ ಮಾತಾಡಿಕೊಳ್ಳುವ ಸ್ವತಂತ್ರ. ಇಪ್ಪತ್ಮೂರರಲ್ಲಿ ಆಟಕ್ಕೆ ಇಳಿದವನಿಗೆ ಆ ಸ್ವಾತಂತ್ರ್ಯ ಸಿಗುವ ಹೊತ್ತಿಗೆ ಮೂವತ್ತು ಹತ್ತಿರವಾಗಿರುತ್ತದೆ, ದೇಹದ ಅತ್ಯುತ್ತಮ ವರ್ಷಗಳಲ್ಲಿ ಬಹುಪಾಲು ಆಗಲೇ ಖರ್ಚಾಗಿರುತ್ತವೆ.

ಈ ಸ್ವಾತಂತ್ರ್ಯವೂ ಸುಲಭಕ್ಕೆ ಬಂದದ್ದಲ್ಲ. ಅದರ ಚರಿತ್ರೆಯಲ್ಲಿ ಅಟ್ಲಾಂಟಾಕ್ಕೆ ಒಂದು ಗೌರವದ ಸ್ಥಾನವಿದೆ, ಇದನ್ನು ಇಲ್ಲಿನ ಅಭಿಮಾನಿಗಳೇ ಮರೆತಿದ್ದಾರೆ. ಡಾಡ್ಜರ್ಸ್ ಪಿಚರ್ (ಚೆಂಡೆಸೆಯುವ ಆಟಗಾರ) ಆ್ಯಂಡಿ ಮೆಸ್ಸರ್‌ಸ್ಮಿತ್ 1975ರ ಋತುವನ್ನು ಇಡೀ ಕರಾರಿಗೆ ಸಹಿ ಹಾಕದೆ ಆಡಿದರು. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರು, ತಂಡ ಆಟಗಾರನನ್ನು ವರ್ಷದಿಂದ ವರ್ಷಕ್ಕೆ ಕೊನೆಯಿಲ್ಲದೆ ಕಟ್ಟಿಹಾಕುವಂತಿಲ್ಲ ಎಂದು ತೀರ್ಪಿತ್ತರು. ಹಾಗೆ ಬಿಡುಗಡೆಯಾದ ಮೆಸ್ಸರ್‌ಸ್ಮಿತ್ ಅವರಿಗೆ ಮರುವರ್ಷ ಕೆಲಸ ಕೊಟ್ಟದ್ದು ಟೆಡ್ ಟರ್ನರ್ ಅವರ ಬ್ರೇವ್ಸ್. ಟರ್ನರ್ ಅವರದು 17ನೇ ನಂಬರಿನ ಟಿವಿ ವಾಹಿನಿ, ಆದ್ದರಿಂದ ಮೆಸ್ಸರ್‌ಸ್ಮಿತ್ ಅವರಿಗೂ 17ನೇ ನಂಬರಿನ ಅಂಗಿ ಕೊಟ್ಟು, ಬೆನ್ನಿನ ಮೇಲೆ ಹೆಸರಿನ ಜಾಗದಲ್ಲಿ "ಚಾನೆಲ್" ಎಂದು ಹೊಲಿಸಿದರು. ಜಾಹೀರಾತು ಎಂದು ಲೀಗ್ ಅದನ್ನು ತೆಗೆಸಿತು. ಬೇರೆ ಮಾಲೀಕರು ಆ ತೀರ್ಪಿಗೆ ಹೆದರಿದ್ದ ಕಾಲದಲ್ಲಿ ಸ್ವತಂತ್ರ ಆಟಗಾರನಿಗೆ ಕೈಚಾಚಿದ ಊರು ಇದು. ಡಾಡ್ಜರ್ಸ್‌ನಿಂದ ಅಟ್ಲಾಂಟಾಕ್ಕೆ ಅಂದು ಒಬ್ಬರು ಬಂದ ದಾರಿಯಲ್ಲೇ ನಲವತ್ತಾರು ವರ್ಷಗಳ ಮೇಲೆ ಫ್ರೀಮನ್ ಅಟ್ಲಾಂಟಾದಿಂದ ಡಾಡ್ಜರ್ಸ್‌ಗೆ ಹೋದರು.

ಈಗಿನ ಬ್ರೇವ್ಸ್ ನಡೆಸುವ ಜನರಲ್ ಮ್ಯಾನೇಜರ್ ಅಲೆಕ್ಸ್ ಆಂಥೊಪೊಲಸ್ ಅವರ ಕ್ರಮ ಬೇರೆ. ಆಟಗಾರ ಮಾರುಕಟ್ಟೆ ತಲುಪುವ ಮೊದಲೇ, ಇನ್ನೂ ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದಲ್ಲಿರುವಾಗಲೇ ದೀರ್ಘ ಒಪ್ಪಂದ ಮಾಡಿಕೊಳ್ಳುವುದು ಅವರ ದಾರಿ. 2019ರ ಏಪ್ರಿಲ್‌ನಲ್ಲಿ ರೊನಾಲ್ಡ್ ಅಕುನ್ಯಾ ಅವರಿಗೆ ಎಂಟು ವರ್ಷಕ್ಕೆ 10 ಕೋಟಿ ಡಾಲರ್, ಅದೇ ತಿಂಗಳು ಓಝಿ ಆಲ್ಬೀಸ್ ಅವರಿಗೆ ಏಳು ವರ್ಷಕ್ಕೆ ಮೂರೂವರೆ ಕೋಟಿ. 2022ರಲ್ಲಿ ಆಸ್ಟಿನ್ ರೈಲಿ ಅವರಿಗೆ ಹತ್ತು ವರ್ಷಕ್ಕೆ 21.2 ಕೋಟಿ, ಮೈಕಲ್ ಹ್ಯಾರಿಸ್ ಅವರಿಗೆ ಎಂಟು ವರ್ಷಕ್ಕೆ 7.2 ಕೋಟಿ, ಸ್ಪೆನ್ಸರ್ ಸ್ಟ್ರೈಡರ್ ಅವರಿಗೆ ಆರು ವರ್ಷಕ್ಕೆ 7.5 ಕೋಟಿ. ಇವೆಲ್ಲ ನಮ್ಮಂಥವರ ಕಣ್ಣಿಗೆ ಕಾಣದಷ್ಟು ದೊಡ್ಡ ಮೊತ್ತಗಳೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಗ್ಗ ದುಬಾರಿ ಎನ್ನುವುದು ಆ ಮಾರುಕಟ್ಟೆಯೊಳಗಿನ ಮಾತು. ಆಲ್ಬೀಸ್ ಆಡುವ ಸೆಕೆಂಡ್ ಬೇಸ್ ಸ್ಥಾನಕ್ಕೇ ಟೆಕ್ಸಸ್ ರೇಂಜರ್ಸ್ 2021ರ ಕೊನೆಯಲ್ಲಿ ಮಾರ್ಕಸ್ ಸೆಮಿಯನ್ ಅವರನ್ನು ಏಳು ವರ್ಷಕ್ಕೆ 17.5 ಕೋಟಿ ಕೊಟ್ಟು ಕರೆತಂದಿತು. ಅದೇ ಜಾಗ, ಅಷ್ಟೇ ವರ್ಷ, ಐದು ಪಟ್ಟು ಹಣ. ಆ ಋತುವಿನಲ್ಲಿ ಆಲ್ಬೀಸ್ 30 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆದಿದ್ದರು, ತಂಡ ಚಾಂಪಿಯನ್ ಆಗಿತ್ತು.

ಹಾಗೆಂದು ಈ ಒಪ್ಪಂದಗಳನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ. ನಾಳೆ ಮಂಡಿ ಮುರಿದರೆ ಏನು ಗತಿ ಎಂಬ ಭಯ ಇಪ್ಪತ್ತೆರಡರ ಹುಡುಗನಿಗೆ ಇದ್ದೇ ಇರುತ್ತದೆ, ಆ ಭಯವನ್ನು ತಂಡ ತನ್ನ ಹೆಗಲಿಗೆ ವರ್ಗಾಯಿಸಿಕೊಳ್ಳುತ್ತದೆ. ಅಕುನ್ಯಾ ಅವರ ಬಲಮಂಡಿಯ ಅಸ್ಥಿರಜ್ಜು 2021ರಲ್ಲಿ ಹರಿಯಿತು, ಎಡಮಂಡಿಯದು 2024ರಲ್ಲಿ. ಎರಡು ಸಲವೂ ಸಂಬಳ ನಿಲ್ಲಲಿಲ್ಲ. ಎರಡರ ನಡುವೆ, 2023ರಲ್ಲಿ, ಅವರು 41 ಹೋಮ್ ರನ್ ಹೊಡೆದು 73 ಬೇಸ್ ಕದ್ದು (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ) ಒಮ್ಮತದಿಂದ ಲೀಗಿನ ಶ್ರೇಷ್ಠ ಆಟಗಾರರಾದರು. ಆ ವರ್ಷ ಅವರ ಸಂಬಳ 1.7 ಕೋಟಿ, ಮಾರುಕಟ್ಟೆಯಲ್ಲಿ ಅವರ ಬೆಲೆ ಅದರ ಎರಡು ಪಟ್ಟಿಗೆ ಕಡಿಮೆ ಇರುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಆ ವ್ಯತ್ಯಾಸ ತಂಡದ ಉಳಿತಾಯ. ನನ್ನ ಇಡೀ ವಾದ ನಿಂತಿರುವುದು ಈ ಉಳಿತಾಯದ ಮೇಲೆ. ಎಳೆಯರ ವರ್ಷಗಳನ್ನು ಕಡಿಮೆ ಬೆಲೆಗೆ ಕೊಂಡ ತಂಡಕ್ಕೆ, ಪ್ರಾಯ ಸಂದ ಆಟಗಾರನಿಗೆ ಒಂದೆರಡು ವರ್ಷ ಹೆಚ್ಚಿಗೆ ಕೊಡುವ ಶಕ್ತಿಯೂ ಇದೆ, ಹೊಣೆಯೂ ಇದೆ.

ಫ್ರೀಮನ್ ಅವರ ವಿಷಯದಲ್ಲಿ ಈ ಹೊಣೆ ಇನ್ನೂ ಹೆಚ್ಚಿತ್ತು, ಏಕೆಂದರೆ ಅವರೂ ಎಳೆಯ ಪ್ರಾಯದಲ್ಲೇ ಸಹಿ ಹಾಕಿದವರು. 2014ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಎಂಟು ವರ್ಷಕ್ಕೆ 13.5 ಕೋಟಿ ಡಾಲರಿನ ಒಪ್ಪಂದಕ್ಕೆ ಒಪ್ಪಿಕೊಂಡರು. ಅದಾದ ಮೇಲೆ ಆಗಿನ ಆಡಳಿತ ಇಡೀ ತಂಡವನ್ನೇ ಕಳಚಿಹಾಕಿತು. ಹೇವರ್ಡ್ ಹೋದರು, ಜಸ್ಟಿನ್ ಅಪ್ಟನ್ ಹೋದರು, ಕಿಂಬ್ರೆಲ್ ಹೋದರು, ಸಿಮನ್ಸ್ ಹೋದರು. 2015ರಲ್ಲಿ 95 ಸೋಲು, 2016ರಲ್ಲಿ 93, 2017ರಲ್ಲಿ 90. ಆ ಮೂರು ವರ್ಷ ಫಸ್ಟ್ ಬೇಸ್‌ನಲ್ಲಿ ನಿಂತಿದ್ದವರು ಫ್ರೀಮನ್. 2021ರ ನವೆಂಬರ್ 2ರಂದು ಹ್ಯೂಸ್ಟನ್‌ನಲ್ಲಿ ಡ್ಯಾನ್ಸ್‌ಬಿ ಸ್ವಾನ್ಸನ್ ಎಸೆದ ಚೆಂಡನ್ನು ಹಿಡಿದು ಕೊನೆಯ ಔಟ್ ಮಾಡಿದವರೂ ಅವರೇ. ಸಂಭ್ರಮಿಸುವ ಮೊದಲು ಆ ಚೆಂಡನ್ನು ಜೋಪಾನವಾಗಿ ಪ್ಯಾಂಟಿನ ಹಿಂಜೇಬಿಗೆ ಸೇರಿಸಿಕೊಂಡರು.

2021ರೊಂದಿಗೆ ಆ ಒಪ್ಪಂದ ಮುಗಿದ ಮೇಲೆ ನಡೆದ ಮಾತುಕತೆಯಲ್ಲಿ ಬ್ರೇವ್ಸ್ ಮುಂದಿಟ್ಟ ಕೊನೆಯ ಮೊತ್ತ ಐದು ವರ್ಷಕ್ಕೆ 14 ಕೋಟಿ ಎಂದು ಪತ್ರಿಕೆಗಳು ವರದಿ ಮಾಡಿದ್ದವು. ಡಾಡ್ಜರ್ಸ್ ಕೊಟ್ಟದ್ದು ಆರು ವರ್ಷಕ್ಕೆ 16.2 ಕೋಟಿ, ಅದರಲ್ಲೂ ಒಂದು ದೊಡ್ಡ ಭಾಗ ಮುಂದೂಡಿದ ಹಣ, ಅಂದರೆ ಒಪ್ಪಂದ ಮುಗಿದ ಮೇಲೆ ಕೈಸೇರುವಂಥದ್ದು. ಭಾಗಿಸಿ ನೋಡಿದರೆ ಬ್ರೇವ್ಸ್ ಲೆಕ್ಕ ವರ್ಷಕ್ಕೆ 2.8 ಕೋಟಿ, ಡಾಡ್ಜರ್ಸ್ ಲೆಕ್ಕ 2.7 ಕೋಟಿ. ವರ್ಷದ ಸಂಬಳದಲ್ಲಿ ಬ್ರೇವ್ಸ್ ಹಿಂದೆ ಬಿದ್ದಿರಲೇ ಇಲ್ಲ. ಜಗ್ಗಾಟವಿದ್ದದ್ದು ಆರನೆಯ ವರ್ಷದ ಮೇಲೆ, ಅಂದರೆ 2027ರ ಮೇಲೆ, ಫ್ರೀಮನ್ ಮೂವತ್ತೆಂಟಕ್ಕೆ ಕಾಲಿಡುವ ಋತುವಿನ ಮೇಲೆ. ಆ ವರ್ಷ ಅವರ ಆಟ ಕುಗ್ಗಬಹುದು ಎಂಬ ತರ್ಕ ಸರಿಯೇ. ಆದರೆ ಆ ಒಂದು ವರ್ಷದ ಹಣ 2027ರ ಹೊಡೆತಗಳಿಗಾಗಿ ಅಲ್ಲ, 2015, 16, 17ಕ್ಕಾಗಿ ಸಲ್ಲಬೇಕಾಗಿದ್ದ ಬಾಕಿ ಎಂದು ನಾನು ನಂಬುತ್ತೇನೆ.

ಅದರ ಬದಲು ಬ್ರೇವ್ಸ್ 2022ರ ಮಾರ್ಚ್ 14ರಂದು ನಾಲ್ವರು ಯುವ ಆಟಗಾರರನ್ನು ಓಕ್‌ಲ್ಯಾಂಡ್‌ಗೆ ಕೊಟ್ಟು ಮ್ಯಾಟ್ ಓಲ್ಸನ್ ಅವರನ್ನು ತಂದಿತು, ಮರುದಿನವೇ ಎಂಟು ವರ್ಷಕ್ಕೆ 16.8 ಕೋಟಿಯ ಒಪ್ಪಂದ ಮಾಡಿಕೊಂಡಿತು. ಓಲ್ಸನ್ ಇದೇ ಜಾರ್ಜಿಯಾದ ಲಿಲ್ಬರ್ನ್‌ನ ಶಾಲೆಯಲ್ಲಿ ಓದಿದ ಹುಡುಗ, ಫ್ರೀಮನ್ ಅವರಿಗಿಂತ ನಾಲ್ಕೂವರೆ ವರ್ಷ ಚಿಕ್ಕವರು. ಅವರ ಆಟದ ಬಗ್ಗೆ ಯಾರೂ ಬೆರಳೆತ್ತುವಂತಿಲ್ಲ. 2023ರಲ್ಲಿ 54 ಹೋಮ್ ರನ್ ಹೊಡೆದರು, ಅದು ಈ ತಂಡದ ಚರಿತ್ರೆಯಲ್ಲೇ ದಾಖಲೆ. ಆ ವರ್ಷದ ಶ್ರೇಷ್ಠ ಆಟಗಾರನ ಮತಪಟ್ಟಿಯಲ್ಲಿ ಫ್ರೀಮನ್ ಮೂರನೆಯವರು, ಓಲ್ಸನ್ ನಾಲ್ಕನೆಯವರು. ಆದ್ದರಿಂದ ಓಲ್ಸನ್ ಬಂದದ್ದರಿಂದ ತಂಡ ಕೆಟ್ಟಿತು ಎಂದು ನಾನು ಹೇಳಲಾರೆ. 2024ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯದಲ್ಲಿ ಫ್ರೀಮನ್ ನೋಯುವ ಕಾಲಿನಲ್ಲಿ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ಗಳಲ್ಲಿ ಓಟಗಾರರಿರುವಾಗಿನ ಹೋಮ್ ರನ್) ತೋರಿಸಿ ಆಂಥೊಪೊಲಸ್ ಅವರನ್ನು ಬೈಯುವುದೂ ನ್ಯಾಯವಲ್ಲ, ಎರಡು ವರ್ಷ ಮುಂಚೆ ಅದನ್ನು ಕಂಡವರು ಯಾರೂ ಇರಲಿಲ್ಲ. ಓಲ್ಸನ್ ಅವರ ವಹಿವಾಟು ಮುಗಿದ ಮೇಲೆ ಮಾಧ್ಯಮದ ಮುಂದೆ ಆಂಥೊಪೊಲಸ್ ಅವರ ಗಂಟಲೂ ಕಟ್ಟಿತ್ತು, ಅದು ನಟನೆಯಾಗಿರಲಿಲ್ಲ. ನನ್ನ ತಕರಾರು ಅವರ ಮನಸ್ಸಿನ ಮೇಲಲ್ಲ, ಎಲ್ಲರಿಗೂ ಒಂದೇ ಅಳತೆಗೋಲು ಹಿಡಿದ ಅವರ ನಿಯಮದ ಮೇಲೆ.

ಸ್ವಾನ್ಸನ್ 2022ರ ಕೊನೆಗೆ ಏಳು ವರ್ಷಕ್ಕೆ 17.7 ಕೋಟಿ ಪಡೆದು ಶಿಕಾಗೊ ಕಬ್ಸ್‌ಗೆ ಹೋದರು. ಅಷ್ಟು ಕೊಡದಿದ್ದದ್ದು ಸರಿಯೆಂದೇ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಆದರೆ ಪಿಚರ್ ಮ್ಯಾಕ್ಸ್ ಫ್ರೀಡ್ ಅವರ ವಿಷಯ ಹಾಗಲ್ಲ. 2021ರ ಕಿರೀಟ ಗೆದ್ದ ಆರನೆಯ ಪಂದ್ಯದಲ್ಲಿ ಆರು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದವರು ಅವರು. 2023ರ ಆರಂಭದಲ್ಲಿ ಅವರು ಕೇಳಿದ ಸಂಬಳ 1.5 ಕೋಟಿ, ತಂಡ ಹೇಳಿದ್ದು 1.35 ಕೋಟಿ. ನಡುವಿನ 15 ಲಕ್ಷಕ್ಕಾಗಿ ವಿಷಯ ಮಧ್ಯಸ್ಥಗಾರರ ಮುಂದೆ ಹೋಯಿತು. ಆ ಕೋಣೆಯಲ್ಲಿ ತಂಡದ ವಕೀಲರು ಮಾಡಬೇಕಾದ ಕೆಲಸವೆಂದರೆ ತಮ್ಮದೇ ಆಟಗಾರ ಅಷ್ಟು ಬಾಳುವುದಿಲ್ಲ ಎಂದು ತೋರಿಸುವುದು. ತಂಡ ಗೆದ್ದಿತು. ಎಳೆಯರಿಗೆಲ್ಲ ಎಂಟು, ಹತ್ತು ವರ್ಷದ ಕಾಗದ ಬರೆದುಕೊಟ್ಟ ತಂಡದಲ್ಲಿ ಫ್ರೀಡ್ ಅವರ ದೀರ್ಘ ಒಪ್ಪಂದ ಕೊನೆಗೂ ಆಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎಂಟು ವರ್ಷಕ್ಕೆ 21.8 ಕೋಟಿ ಕೊಟ್ಟಿತು. ಮೂವತ್ತು ದಾಟುತ್ತಿರುವ ಪಿಚರ್‌ಗೆ ಎಂಟು ವರ್ಷ ಎಂದರೆ ನನಗೂ ಎದೆ ನಡುಗುತ್ತದೆ. ಆದರೆ ಆ ಬೆಲೆ ಏರಿದ್ದು ಕೊನೆಯವರೆಗೆ ಕಾದದ್ದರಿಂದ. 2025ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ 19 ಪಂದ್ಯ ಗೆದ್ದರು. ಇಲ್ಲಿ ಒಬ್ಬರ ಹಿಂದೊಬ್ಬರು ಪಿಚರ್‌ಗಳು ಗಾಯಗೊಂಡು ಕೂತರು, ತಂಡ 76 ಪಂದ್ಯ ಗೆದ್ದು 86 ಸೋತು ಪ್ಲೇಆಫ್ ಕೂಡ ಕಾಣಲಿಲ್ಲ.

ಹಣವಿಲ್ಲ ಎಂಬ ಮಾತನ್ನು ಈ ತಂಡ ಹೇಳುವಂತಿಲ್ಲ. ಬ್ರೇವ್ಸ್ ಷೇರುಪೇಟೆಯಲ್ಲಿರುವ ಕಂಪನಿ, ಅದರ ಲೆಕ್ಕಪತ್ರ ಯಾರು ಬೇಕಾದರೂ ಓದಬಹುದು, ನಾನೂ ಓದಿದ್ದೇನೆ. 2023ರಲ್ಲಿ ಒಟ್ಟು ಆದಾಯ ಸುಮಾರು 64 ಕೋಟಿ ಡಾಲರ್. ಮೈದಾನ ಕಟ್ಟಲು ಕಾಬ್ ಕೌಂಟಿ ಸುಮಾರು 30 ಕೋಟಿ ಡಾಲರ್ ಸಾರ್ವಜನಿಕ ಹಣ ಕೊಟ್ಟಿದೆ. ಈ ಕೌಂಟಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಕನ್ನಡದ ಕುಟುಂಬಗಳು ಕಟ್ಟುವ ತೆರಿಗೆಯೂ ಅದರಲ್ಲಿ ಸೇರಿದೆ. 2023ರಲ್ಲಿ ತಂಡ ಮೊದಲ ಬಾರಿಗೆ ಸಂಬಳದ ಮಿತಿ ದಾಟಿ ತೆರಿಗೆಯನ್ನೂ ಕಟ್ಟಿತು, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಉದಾಹರಣೆ ಆಲ್ಬರ್ಟ್ ಪೂಹೋಲ್ಸ್. 2011ರ ಕೊನೆಗೆ ಏಂಜಲ್ಸ್ ತಂಡ ಅವರಿಗೆ ಹತ್ತು ವರ್ಷಕ್ಕೆ 24 ಕೋಟಿ ಕೊಟ್ಟಿತು, ಹತ್ತನೆಯ ವರ್ಷದ ನಡುವೆ ಅವರನ್ನು ಬಿಟ್ಟುಬಿಟ್ಟಿತು. ಅವರ ಹಳೆಯ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವರನ್ನು ಕಳೆದುಕೊಂಡೂ ಉಳಿದುಕೊಂಡಿತು. ಅದನ್ನು ಒಪ್ಪುತ್ತೇನೆ. ಆದರೆ ನಾನು ಹತ್ತು ವರ್ಷ ಕೇಳುತ್ತಿಲ್ಲ, ಐದರ ಮೇಲೆ ಒಂದು ಕೇಳುತ್ತಿದ್ದೇನೆ. ಅದೂ ತಂಡದೊಳಗೇ ಬೆಳೆದು, ಒಮ್ಮೆ ಕಡಿಮೆಗೆ ಸಹಿ ಹಾಕಿ, ಸೋಲಿನ ವರ್ಷಗಳಲ್ಲೂ ಉಳಿದ ಆಟಗಾರನಿಗೆ ಮಾತ್ರ. ಅಂಥವರು ಹತ್ತು ವರ್ಷಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಾರೆ, ಅವರಿಗಾಗಿ ಯಾವ ತಂಡವೂ ದಿವಾಳಿಯಾಗುವುದಿಲ್ಲ.

ಅಕುನ್ಯಾ ಅವರ ಒಪ್ಪಂದದಲ್ಲಿ 2027 ಮತ್ತು 2028ರ ಋತುಗಳನ್ನು ತಲಾ 1.7 ಕೋಟಿಗೆ ಮುಂದುವರಿಸುವ ಹಕ್ಕು ತಂಡಕ್ಕಿದೆ. ತಂಡ ಅದನ್ನು ಖಂಡಿತ ಬಳಸಿಕೊಳ್ಳುತ್ತದೆ. ಆ ಹೊತ್ತಿಗೆ ಅವರಿಗೆ ಮೂವತ್ತೊಂದು ತುಂಬುತ್ತಿರುತ್ತದೆ. ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ಆಗಿರುವ ಆಟಗಾರನಿಗೆ ಐದು ವರ್ಷ ಸಾಕು ಎಂದು ಆಂಥೊಪೊಲಸ್ ಅವರ ಕಚೇರಿಯ ಲೆಕ್ಕ ಹೇಳಬಹುದು, ಬೇರೊಂದು ಊರು ಆರು ಎನ್ನಬಹುದು. ನನ್ನ ಮಗಳು ಈಗ ತೊಡುವುದು 13ನೇ ನಂಬರಿನ ಅಂಗಿ, ಅಕುನ್ಯಾ ಅವರದು. 5ನೇ ನಂಬರಿನ ಅಂಗಿ ಅವಳಿಗೆ ಬಿಗಿಯಾಗಿ ಬಹಳ ದಿನವಾಯಿತು, ಮಡಚಿ ಕಪಾಟಿನಲ್ಲಿಟ್ಟಿದ್ದೇವೆ.