ಡೌನ್‌ಲೋಡ್ ಆಗಿದ್ದ ಹಾಡು ಎಲ್ಲಿ ಹೋಯ್ತು?

ನಿನ್ನೆ ರಾತ್ರಿ ಊರಿಂದ ವಾಪಸ್ ಬಂದೆ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಬೆಳಗು ಹೇಗೆ ಶುರುವಾಗುತ್ತದೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಒಲೆ ಹೊತ್ತಿಸುವ ಮೊದಲು ಹಾಡು ಹಾಕಬೇಕು. ಮೊದಲು ದಾಸರ ಪದ, ಆಮೇಲೆ ಭಾವಗೀತೆ, ದೋಸೆ ಎರೆಯುವ ಹೊತ್ತಿಗೆ ಹಳೇ ಸಿನಿಮಾ ಹಾಡು. ಈ ಸಲ ಹೋದರೆ ಅಡುಗೆಮನೆಯಲ್ಲಿ ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. "ಏನಮ್ಮಾ, ಹಾಡು ಹಾಕಿಲ್ವಾ?" ಅಂದೆ. ಕೇಳಿಸದವಳ ಹಾಗೆ ಚಟ್ನಿ ರುಬ್ಬಲು ಹೋದಳು. ಎರಡನೇ ದಿನ ಮತ್ತೆ ಕೇಳಿದಾಗ ಮೆಲ್ಲಗೆ ಹೇಳಿದಳು, "ನಾನೇ ಏನೋ ಒತ್ತಿ ಹಾಳು ಮಾಡಿಬಿಟ್ಟೆ ಮಾರಾಯ್ತಿ. ನೀನು ಅಷ್ಟು ದುಡ್ಡು ಕೊಟ್ಟು ಹಾಕಿಸಿದ್ದೆ."

ಫೋನ್ ತೆಗೆದು ನೋಡಿದೆ. ಹಾಡು ಕೇಳುವ ಆ್ಯಪ್‌ನಲ್ಲಿ ನಾನೇ ಕೂತು ಡೌನ್‌ಲೋಡ್ ಮಾಡಿಕೊಟ್ಟಿದ್ದ ಮುನ್ನೂರು ಚಿಲ್ಲರೆ ಹಾಡುಗಳ ಪಟ್ಟಿ ಹಾಗೇ ಇದೆ. ಆದರೆ ಎಲ್ಲವೂ ಬೂದು ಬಣ್ಣ. ಒತ್ತಿದರೆ ಇಂಟರ್ನೆಟ್ ಬೇಕು ಅನ್ನುತ್ತದೆ. ಚಂದಾ ಮುಗಿದಿರಲಿಲ್ಲ, ಇಡೀ ವರ್ಷದ್ದು ಕಟ್ಟಿದ್ದೆ. ಅಮ್ಮ ಏನೂ ಹಾಳು ಮಾಡಿರಲಿಲ್ಲ. ಆ ಫೋನು ಒಂದು ತಿಂಗಳಿಗಿಂತ ಜಾಸ್ತಿ ದಿನ ಇಂಟರ್ನೆಟ್ ನೋಡಿರಲಿಲ್ಲ, ಅಷ್ಟೇ. ಹೆಚ್ಚಿನ ಆ್ಯಪ್‌ಗಳ ನಿಯಮ ಹೀಗೆ: ಡೌನ್‌ಲೋಡ್ ಮಾಡಿದ ಹಾಡು ಉಳಿಯಬೇಕಾದರೆ 30 ದಿನಕ್ಕೆ ಒಂದು ಸಲವಾದರೂ ಫೋನು ಆನ್‌ಲೈನ್ ಬಂದು ಹೋಗಬೇಕು. ಚಂದಾ ಇನ್ನೂ ನಡೆಯುತ್ತಿದೆಯಾ ಅಂತ ಅವರು ನೋಡಿಕೊಳ್ಳಬೇಕಲ್ಲ.

ನಮ್ಮ ಮನೆಯಲ್ಲಿ ಮಾತಾಡಲಿಕ್ಕೇ ಅಂಗಳದ ತುದಿಗೆ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಇಲ್ಲ. ಕರೆಂಟ್ ಇಲ್ಲದೆ ಟವರಿನ ಬ್ಯಾಟರಿ ಮುಗಿದರೆ ಸಿಗ್ನಲ್ಲೂ ಇಲ್ಲ. ಇಂಟರ್ನೆಟ್ ಇಲ್ಲದ ಮನೆಗೆ ಅಂತಲೇ ಅಲ್ವಾ ನಾನು ಡೌನ್‌ಲೋಡ್ ಮಾಡಿದ್ದು?

ಡೌನ್‌ಲೋಡ್ ಅನ್ನುವ ಈ ಮಾತೇ ನನ್ನ ಹೊಟ್ಟೆ ಉರಿಸುತ್ತಿದೆ. ನಮಗೆಲ್ಲ ಆ ಪದಕ್ಕೆ ಒಂದೇ ಅರ್ಥ. ಫೈಲು ನಮ್ಮ ಹತ್ತಿರ ಬಂತು, ಇನ್ನು ನಮ್ಮದು. ಇಲ್ಲಿ ಹಾಗಲ್ಲ. ಜಾಗ ತಿನ್ನುವುದು ನಮ್ಮ ಫೋನಿನದ್ದು, ಬೀಗದ ಕೈ ಅವರ ಹತ್ತಿರ. ಪೆನ್‌ಡ್ರೈವ್‌ಗೆ ಹಾಕಿಕೊಡು ಅಂದಳು ಅಮ್ಮ. ಆಗುವುದಿಲ್ಲ. ಆ ಫೈಲು ಆ ಆ್ಯಪ್ ಒಳಗೆ ಮಾತ್ರ ತೆರೆಯುತ್ತದೆ. ಆ ಗುಂಡಿಯ ಮೇಲೆ "ಬಾಡಿಗೆಗೆ" ಅಂತ ಬರೆದಿದ್ದರೆ ನಾನು ಅಮ್ಮನಿಗೂ ಹಾಗೇ ಹೇಳುತ್ತಿದ್ದೆ. "ಇನ್ನು ಇವೆಲ್ಲ ನಿನ್ನದೇ ಅಮ್ಮ" ಅಂತ ಹೇಳುತ್ತಿರಲಿಲ್ಲ.

ಹೌದು, ಹಾಗೇ ಹೇಳಿದ್ದೆ. ಅಷ್ಟು ಹೇಳಿ ಸುಮ್ಮನಿರಲಿಲ್ಲ. ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಅಪ್ಪನ ಕ್ಯಾಸೆಟ್ ಪೆಟ್ಟಿಗೆ ಇಳಿಸಿ ಗುಜರಿಯವನಿಗೆ ಕೊಟ್ಟವಳು ನಾನು. ಧೂಳು, ಜಾಗ ದಂಡ, ಈಗ ಎಲ್ಲ ಫೋನಲ್ಲೇ ಸಿಗುತ್ತೆ ಅಂದೆ. ಅಮ್ಮ ಎದುರು ಹೇಳಲಿಲ್ಲ. ನನ್ನ ಮಾತು ನಂಬಿದಳು. ನಿನ್ನೆ ಬಸ್ಸಿನಲ್ಲಿ ಕೂತು ಅತ್ತಿದ್ದು ಇದಕ್ಕೆ.

ಆ ಪೆಟ್ಟಿಗೆಯಲ್ಲಿ ನಿತ್ಯೋತ್ಸವ ಇತ್ತು. 1978ರಲ್ಲಿ ಬಂದ ಕ್ಯಾಸೆಟ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. ನಮ್ಮಂಥ ಊರುಗಳಿಗೆ ಭಾವಗೀತೆ ಬಂದಿದ್ದೇ ಕ್ಯಾಸೆಟ್‌ನಲ್ಲಿ. ಗುರುರಾಜುಲು ನಾಯ್ಡು ಅವರ ಹರಿಕಥೆಗಳಿದ್ದವು. ಭದ್ರಾವತಿ ಆಕಾಶವಾಣಿಯಿಂದ ಅಪ್ಪ ರೆಕಾರ್ಡ್ ಮಾಡಿಕೊಂಡವೂ ಇದ್ದವು. ಒಳಗಿನ ಕಾಗದದ ಮೇಲೆ ನೀಲಿ ಪೆನ್ನಿನಲ್ಲಿ ಹಾಡು, ಕವಿ, ಹಾಡಿದವರು, ಗೊತ್ತಾದರೆ ರಾಗ. ಈಗ ಆ್ಯಪ್‌ನಲ್ಲಿ ಎಷ್ಟೋ ಭಾವಗೀತೆಗಳ ಕೆಳಗೆ ಗಾಯಕರ ಹೆಸರು ಮಾತ್ರ. ಕವಿ ಇಲ್ಲವೇ ಇಲ್ಲ. ಭಾವಗೀತೆಗೆ ಕವಿಯ ಹೆಸರು ಬೇಡವಾ? ಇರುವ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ. ಅಮ್ಮ ಪಟ್ಟಿಯಲ್ಲಿ ಎಷ್ಟನೆಯದು ಅಂತ ಎಣಿಸಿ ಹಾಡು ಒತ್ತುತ್ತಿದ್ದಳಂತೆ. ಅದೂ ನನಗೆ ನಿನ್ನೆಯೇ ಗೊತ್ತಾಗಿದ್ದು.

ಆಫೀಸಿನ ಗೆಳತಿಗೆ ಫೋನಿನಲ್ಲಿ ಹೇಳಿದರೆ ಅವಳು, "ಕ್ಯಾಸೆಟ್ ಮಾತ್ರ ಶಾಶ್ವತನಾ? ನಿಮ್ಮೂರ ಥಂಡಿಗೆ ಬೂಸ್ಟು ಹಿಡಿಯಲ್ವಾ? ಇಲ್ಲಿ ಹತ್ತು ಕೋಟಿ ಹಾಡಿದೆ" ಅಂದಳು. ಬೂಸ್ಟು ಹಿಡಿಯುತ್ತಿತ್ತು, ನಿಜ. ಟೇಪು ಸಿಕ್ಕಿಕೊಳ್ಳುತ್ತಿತ್ತು, ಪೆನ್ಸಿಲ್ ಹಾಕಿ ಸುತ್ತುತ್ತಿದ್ದೆವು. ತುಂಡಾದರೆ ಅಪ್ಪ ಅಂಟಿಸುತ್ತಿದ್ದರು, ಅರ್ಧ ಸಾಲು ಹೋಗುತ್ತಿತ್ತು. ಆದರೆ ಹೋದದ್ದು ಒಂದು ಕ್ಯಾಸೆಟ್. ಮುನ್ನೂರು ಹಾಡು ಒಂದೇ ದಿನ ಬಾಯಿ ಮುಚ್ಚಿದ್ದು ನಾನು ನೋಡಿಲ್ಲ. ಏನು ಹಾಳಾಯಿತು ಅಂತ ಕಣ್ಣಿಗೆ ಕಾಣುತ್ತಿತ್ತು, ಅಮ್ಮ ತನ್ನದೇ ತಪ್ಪು ಅಂದುಕೊಂಡು ಕೊರಗಬೇಕಿರಲಿಲ್ಲ. ಹತ್ತು ಕೋಟಿ ಹಾಡು ಇರಲಿ, ಅಮ್ಮನಿಗೆ ದಿನಾ ಬೇಕಾಗುವುದು ನಲವತ್ತೋ ಐವತ್ತೋ. ಅವು ನಾಳೆಯೂ ಇರಬೇಕು.

ಇಂಟರ್ನೆಟ್ ಇದ್ದವರಿಗೆ ಈ ತೊಂದರೆ ಇಲ್ಲ ಅನ್ನಬೇಡಿ. 2023ರಲ್ಲಿ ಸ್ಪಾಟಿಫೈ ಆ್ಯಪ್ ಮತ್ತು ಹಾಡುಗಳ ಹಕ್ಕು ಇರುವ ಝೀ ಮ್ಯೂಸಿಕ್ ಕಂಪನಿ ನಡುವೆ ಒಪ್ಪಂದ ಕುದುರದೆ ಎಷ್ಟೊಂದು ಹಿಂದಿ ಸಿನಿಮಾ ಹಾಡುಗಳು ಅಲ್ಲಿಂದ ಹೋದವು, ನೆನಪಿದೆಯಾ? 2020ರಲ್ಲಿ ಗೂಗಲ್ ಪ್ಲೇ ಮ್ಯೂಸಿಕ್ ಮುಚ್ಚಿತು. 2024ರಲ್ಲಿ ಏರ್‌ಟೆಲ್‌ನ ಹಾಡಿನ ಆ್ಯಪ್ ವಿಂಕ್ ಮುಚ್ಚಿತು. ಅಲ್ಲಿ ವರ್ಷಗಟ್ಟಲೆ ಜೋಡಿಸಿಟ್ಟ ಪಟ್ಟಿಗಳನ್ನು ಜನ ಇನ್ನೊಂದು ಕಡೆಗೆ ಸಾಗಿಸಬೇಕಾಯಿತು, ಇಲ್ಲವೇ ಮತ್ತೆ ಕಟ್ಟಬೇಕಾಯಿತು.

ನಮ್ಮ ಪಕ್ಕದ ಮನೆಯವರ ಹತ್ತಿರ ಕಾರವಾನ್ ಇದೆ. 2017ರಲ್ಲಿ ಸರೆಗಮ ಕಂಪನಿ ತಂದ ರೇಡಿಯೋ ಥರದ್ದು. ಹಾಡು ಅದರ ಹೊಟ್ಟೆಯಲ್ಲೇ ಇದೆ, ಇಂಟರ್ನೆಟ್ ಬೇಡ. ಹಾಡು ಆರಿಸಿದ್ದು ಕಂಪನಿ, ನಾವಲ್ಲ, ಅದೊಂದು ಕೊರತೆ. ಆದರೆ ಇಷ್ಟು ಮಳೆಯಲ್ಲೂ ಅದು ಹಾಡುತ್ತಿತ್ತು. ಅಮ್ಮ ಈ ಕಡೆ ಕಿಟಕಿ ಹತ್ತಿರ ಕೂತು ಕೇಳುತ್ತಿದ್ದಳು.

ಹೊರಡುವ ದಿನ ಬೆಳಿಗ್ಗೆ ಅಮ್ಮ ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದಿಟ್ಟಳು. ಒಳಗೆ ಹನ್ನೊಂದು ಕ್ಯಾಸೆಟ್. ಗುಜರಿಯವನು ಬರುವ ಹಿಂದಿನ ರಾತ್ರಿ ತೆಗೆದಿಟ್ಟಿದ್ದಳಂತೆ. ನನಗೆ ಬೇಜಾರಾಗಬಾರದು ಅಂತ ಹೇಳಿರಲಿಲ್ಲ. ಒಂಬತ್ತರ ಮೇಲೆ ಅಪ್ಪನ ಅಕ್ಷರ ಇದೆ.

ರೇಡಿಯೋ, ಕ್ಯಾಸೆಟ್ ಎರಡೂ ಇರುವ ಹಳೇ ಟೂ-ಇನ್-ಒನ್ ತೊಡೆ ಮೇಲೆ ಇಟ್ಟುಕೊಂಡು ಸಾಗರಕ್ಕೆ ಹೋದೆ. ಬೆಲ್ಟ್ ಜಗ್ಗಿಹೋಗಿದೆ, ಹೆಡ್ ಚೆನ್ನಾಗಿದೆ ಅಂದರು ರಿಪೇರಿಯವರು. ಬೆಲ್ಟ್ ಶಿವಮೊಗ್ಗದಿಂದ ಬರಬೇಕು, ಗುರುವಾರ ಫೋನ್ ಮಾಡುತ್ತಾರಂತೆ. ನನ್ನ ನಂಬರ್ ಕೊಟ್ಟು ಬಂದಿದ್ದೇನೆ.